ವೀಸಾ ಕನ್ಸಲ್ಟೆಂಟ್ ಮುಂದೆ ಕೂರುವ ಮೊದಲು: ಇವರಿಗೆ ದುಡ್ಡು ಕೊಡುವವರು ಯಾರು?

ಜಯನಗರ, ಕೋರಮಂಗಲ, ರಾಜಾಜಿನಗರ, ಎಂ.ಜಿ. ರಸ್ತೆ, ಎಲ್ಲಿ ತಲೆ ಎತ್ತಿದರೂ ಅದೇ ಬೋರ್ಡು: ಸ್ಟಡಿ, ವರ್ಕ್, ಪಿ.ಆರ್. (ವಿದೇಶದಲ್ಲಿ ಕಾಯಂ ನೆಲೆಸುವ ಪರವಾನಗಿ), ವಿಸಿಟ್, ಎಲ್ಲವೂ ಒಂದೇ ಕಡೆ. ಬೋರ್ಡು ಒಂದಾದರೂ ಒಳಗೆ ನಡೆಯುವುದು ಮೂರು ಬೇರೆ ಬೇರೆ ವ್ಯಾಪಾರ. ಒಂದೊಂದಕ್ಕೂ ದುಡ್ಡು ಬರುವ ದಾರಿ ಬೇರೆ, ಲೈಸೆನ್ಸ್ ಕೊಡುವವರು ಬೇರೆ. ಹಾಗಾಗಿ ಯಾವ ದೇಶ, ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಬ್ಯಾಂಡ್ ಎಂಬ ಮಾತಿಗೂ ಮುಂಚೆ ಎದುರಿಗೆ ಕೂತವರು ಈ ಮೂವರಲ್ಲಿ ಯಾರು ಎಂದು ಗೊತ್ತು ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಮೂವರಲ್ಲಿ ಯಾರು?

ಮೊದಲನೆಯವರು ಎಜುಕೇಶನ್ ಏಜೆಂಟ್. ‘ನಮ್ಮದು ಫ್ರೀ ಸರ್ವಿಸ್ ಸರ್’ ಎನ್ನುವವರು ಇವರೇ. ಸುಳ್ಳೇನಲ್ಲ, ನಿಮ್ಮಿಂದ ತೆಗೆದುಕೊಳ್ಳುವುದಿಲ್ಲ. ನೀವು ಸೇರಿದ ಮೇಲೆ ಮೊದಲ ವರ್ಷದ ಫೀಸಿನಲ್ಲಿ ಒಂದು ಪಾಲು ವಿಶ್ವವಿದ್ಯಾಲಯದಿಂದ ಇವರಿಗೆ ಬರುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಅವರು ತೋರಿಸುವ ಪಟ್ಟಿಯ ಹಿಂದೆ ಆ ಕಮಿಷನ್ ಇದೆ ಎಂಬುದು ನೆನಪಿರಲಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಫೀಸೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಜರ್ಮನಿ ಎಂದು ಕೇಳಿ ಹೋದವರ ಕೈಗೆ ಅಲ್ಲಿನ ಖಾಸಗಿ ಕಾಲೇಜಿನ ಬ್ರೋಷರ್ ಬರುವುದು ಇದರಿಂದಲೇ. ‘ನಿಮಗೆ ಕಮಿಷನ್ ಕೊಡದ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿಸುತ್ತೀರಾ, ಹಾಕಿಸಿದರೆ ಎಷ್ಟು ತಗೋತೀರಾ?’ ಎಂದು ನೇರವಾಗಿ ಕೇಳಿ. ದರ ಹೇಳಿದರೆ ಒಳ್ಳೆಯ ಲಕ್ಷಣ. ಮಾತು ತಿರುಗಿಸಿದರೆ ಅವರ ಪಟ್ಟಿಯನ್ನು ಅರ್ಧ ಪಟ್ಟಿ ಎಂದು ತಿಳಿದು, ಮಿಕ್ಕರ್ಧವನ್ನು ನೀವೇ ಹುಡುಕಿ.

ಎರಡನೆಯವರು ಇಮಿಗ್ರೇಶನ್ ಕನ್ಸಲ್ಟೆಂಟ್. ಪಿ.ಆರ್., ವರ್ಕ್ ಪರ್ಮಿಟ್ ಅರ್ಜಿ ಸಿದ್ಧಪಡಿಸಲು ನಿಮ್ಮಿಂದಲೇ ಫೀಸು ತೆಗೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ಲೈಸೆನ್ಸ್ ಕೊಡುವುದು ನೀವು ಹೋಗುವ ದೇಶ, ಕರ್ನಾಟಕ ಸರ್ಕಾರವಲ್ಲ. ಗೋಡೆಯ ಮೇಲೆ ಐ.ಎಸ್.ಒ. ಸರ್ಟಿಫಿಕೇಟು, ಪ್ರಶಸ್ತಿ ಫಲಕ ಎಷ್ಟಿದ್ದರೂ ಅವು ಲೈಸೆನ್ಸ್ ಆಗುವುದಿಲ್ಲ.

ಮೂರನೆಯವರು ವಿದೇಶದ ಮಾಲೀಕರಿಗೆ ಕೆಲಸಗಾರರನ್ನು ಹುಡುಕಿಕೊಡುವ ರಿಕ್ರೂಟಿಂಗ್ ಏಜೆಂಟ್. ಇವರ ಮೇಲೆ ಮಾತ್ರ ನಮ್ಮ ದೇಶದ್ದೇ ಕಾನೂನಿದೆ: 1983ರ ವಲಸೆ ಕಾಯ್ದೆ. ವಿದೇಶಾಂಗ ಸಚಿವಾಲಯದ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಅವರಲ್ಲಿ ನೋಂದಣಿಯಾಗದೆ ಯಾರೂ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವಂತಿಲ್ಲ. ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿಯಿದೆ: 30,000 ರೂಪಾಯಿ, ಅದರ ಮೇಲೆ 18% ಜಿ.ಎಸ್.ಟಿ. ‘ಕೆಲಸ ಕೊಡಿಸುತ್ತೇವೆ, ಮೂರು ಲಕ್ಷ ಆಗುತ್ತೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು.

ಎರಡನೇ ಹೆಜ್ಜೆ: ನಂಬರ್ ಕೇಳಿ, ಕಚೇರಿಯಲ್ಲೇ ಕೂತು ಫೋನಿನಲ್ಲಿ ನೋಡಿ

ಕೆನಡಾಕ್ಕೆ ಫೀಸು ತೆಗೆದುಕೊಂಡು ಸಲಹೆ ಕೊಡಬೇಕಾದರೆ ಒಂದೋ ಆರ್.ಸಿ.ಐ.ಸಿ. (ಕೆನಡಾದ ಲೈಸೆನ್ಸ್ ಪಡೆದ ಇಮಿಗ್ರೇಶನ್ ಕನ್ಸಲ್ಟೆಂಟ್) ಆಗಿರಬೇಕು, ಇಲ್ಲವೇ ಅಲ್ಲಿನ ವಕೀಲರಾಗಿರಬೇಕು. ಆರ್.ಸಿ.ಐ.ಸಿ. ನಂಬರ್ ‘ಆರ್’ ಅಕ್ಷರದಿಂದ ಶುರುವಾಗಿ ಆರು ಅಂಕಿಗಳಿರುತ್ತವೆ. 2021ರ ನವೆಂಬರ್‌ನಲ್ಲಿ ಶುರುವಾದ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ಲೈಸೆನ್ಸ್ ಕೊಡುವ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ತಿಳಿಯುತ್ತದೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೇಳುವ ಉತ್ತರ, ‘ನಮ್ಮ ಆರ್.ಸಿ.ಐ.ಸಿ. ಟೊರೊಂಟೊದಲ್ಲಿದ್ದಾರೆ’ ಎಂಬುದು. ಇರಲಿ, ಅಡ್ಡಿಯಿಲ್ಲ. ಆದರೆ ಒಪ್ಪಂದದಲ್ಲಿ ಅವರ ಹೆಸರು, ಸಹಿ ಇರಬೇಕು. ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅವರೇ ನಿಮ್ಮೊಂದಿಗೆ ಮಾತಾಡಬೇಕು. ಐ.ಎಂ.ಎಂ. 5476 ಎಂಬ ಪ್ರತಿನಿಧಿ ನೇಮಕದ ನಮೂನೆಯಲ್ಲಿ ಅವರ ನಂಬರ್ ಬರಬೇಕು. ಫೀಸು ತೆಗೆದುಕೊಂಡೂ ‘ಈ ಫಾರಂ ಬೇಡ, ನೀವೇ ಹಾಕಿದ ಹಾಗೆ ತೋರಿಸೋಣ’ ಎಂದರೆ, ಫೈಲಿನಲ್ಲಿ ಹೆಸರೇ ಇಲ್ಲದೆ ಕೆಲಸ ಮಾಡುವ ಏಜೆಂಟ್ ಅವರು. ನಾಳೆ ಏನಾದರೂ ತಪ್ಪು ಬಂದರೆ ಅದು ಪೂರ್ತಿ ನಿಮ್ಮ ತಲೆಗೆ.

ಆಸ್ಟ್ರೇಲಿಯಾ, ಬ್ರಿಟನ್ ವಿಷಯ ಸ್ವಲ್ಪ ಸೂಕ್ಷ್ಮ. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಏಜೆಂಟರಿಗೆ ಎಂ.ಎ.ಆರ್.ಎನ್. ಎಂಬ ಏಳು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಬ್ರಿಟನ್‌ನಲ್ಲಿ ಈ ಕೆಲಸ ನೋಡುವ ಸಂಸ್ಥೆಗೆ 2025ರ ಜನವರಿಯಿಂದ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿ ಎಂದು ಹೆಸರು. ಎರಡೂ ಕಡೆ ಕಡ್ಡಾಯವಿರುವುದು ಆ ನೆಲದಲ್ಲಿ ಕೂತು ಸಲಹೆ ಕೊಡುವವರಿಗೆ. ಬೆಂಗಳೂರಿನಲ್ಲಿ ಕೂತವರಿಗೆ ಆ ಕಟ್ಟು ಇಲ್ಲ. ಅಂದರೆ ಇಲ್ಲಿ ಲೈಸೆನ್ಸ್ ಇಲ್ಲದಿರುವುದು ಅಪರಾಧವಲ್ಲ, ಆದರೆ ಕೆಟ್ಟ ಸಲಹೆ ಕೊಟ್ಟರೆ ನೀವು ಅಲ್ಲಿ ದೂರು ಕೊಡುವ ಜಾಗವೂ ಇಲ್ಲ. ಇದ್ದವರನ್ನೇ ಆರಿಸಿಕೊಳ್ಳುವುದು ಜಾಣತನ. ಓದಲು ಹೋಗುವವರು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿರುವ ಭಾರತದ ಪ್ರತಿನಿಧಿಗಳ ಪಟ್ಟಿಯಲ್ಲಿ ಈ ಕಚೇರಿಯ ಹೆಸರಿದೆಯೇ ನೋಡಿದರೆ ಸಾಕಷ್ಟು ಗೊತ್ತಾಗುತ್ತದೆ.

ಅಮೆರಿಕದಲ್ಲಿ ‘ಲೈಸೆನ್ಸ್ ಇರುವ ಕನ್ಸಲ್ಟೆಂಟ್’ ಎಂಬ ವರ್ಗವೇ ಇಲ್ಲ. ಕಾನೂನು ಸಲಹೆ ಕೊಡುವವರು ವಕೀಲರು, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು. ಇಲ್ಲಿ ಡಿ.ಎಸ್. 160 ಎಂಬ ವೀಸಾ ಅರ್ಜಿ ತುಂಬಿಕೊಡುವವರು ಟೈಪಿಂಗ್ ಸಹಾಯಕರು, ಅಷ್ಟೇ. ಆ ಕೆಲಸಕ್ಕೆ ಎಷ್ಟು ಕೊಡಬಹುದೋ ಅಷ್ಟೇ ಕೊಡಿ.

ರಿಕ್ರೂಟಿಂಗ್ ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಬೋರ್ಡಿನ ಮೇಲಿನ ಹೆಸರು, ನೋಂದಣಿಯ ಹೆಸರು, ವಿಳಾಸ ಮೂರೂ ತಾಳೆಯಾಗಬೇಕು. ಮುಂಬೈಯ ಯಾವುದೋ ಏಜೆನ್ಸಿಯ ನಂಬರ್ ತೋರಿಸಿ ‘ನಾವು ಅವರ ಬ್ರಾಂಚು’ ಎನ್ನುವ ಸಬ್ ಏಜೆಂಟರು ಬಹಳ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದಲ್ಲೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ನರ್ಸಿಂಗ್, ತಾಂತ್ರಿಕ ಕೆಲಸಕ್ಕೆ ಹೋಗುವವರು ಖಾಸಗಿಯವರಿಗೆ ಹಣ ಕಟ್ಟುವ ಮುಂಚೆ ಅಲ್ಲಿ ಒಮ್ಮೆ ವಿಚಾರಿಸಿ.

ಮೂರನೇ ಹೆಜ್ಜೆ: ಅಂಗಡಿ, ಒಪ್ಪಂದ, ದುಡ್ಡು

ಜಿ.ಎಸ್.ಟಿ. ನಂಬರ್ ಕೇಳಿ. ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗುತ್ತದೆ. ಪೋರ್ಟಲ್‌ನಲ್ಲಿ ಹಾಕಿದರೆ ಕಾನೂನಿನ ಪ್ರಕಾರದ ಹೆಸರು, ನೋಂದಣಿ ದಿನಾಂಕ ಸಿಗುತ್ತವೆ. ‘15 ವರ್ಷದ ಅನುಭವ’ ಎಂದವರ ನೋಂದಣಿ ಆರು ತಿಂಗಳ ಹಿಂದಿನದಾಗಿದ್ದರೆ ಕಾರಣ ಕೇಳುವ ಹಕ್ಕು ನಿಮ್ಮದು.

ಒಪ್ಪಂದವನ್ನು ಮನೆಗೆ ತಂದು ಓದಿ. ‘ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್ ಮೇಡಂ, ನಾಳೆ ಇರಲ್ಲ’ ಎಂದರೆ ನಾಳೆಯೇ ಹೋಗಿ. ಓದುವಾಗ ಮೂರು ಜಾಗದಲ್ಲಿ ಬೆರಳಿಟ್ಟು ನಿಲ್ಲಬೇಕು. ಒಂದು, ಕೆಲಸ ಏನೆಂದು ಬರೆದಿದೆಯೇ? ‘ಡಾಕ್ಯುಮೆಂಟೇಶನ್ ಅಸಿಸ್ಟೆನ್ಸ್’ ಎಂದಷ್ಟೇ ಇದ್ದರೆ ಒಂದು ಚೆಕ್‌ಲಿಸ್ಟ್ ಇಮೇಲ್ ಮಾಡಿದರೂ ಅವರ ಕೆಲಸ ಮುಗಿದಂತೆ. ಯಾವ ವೀಸಾ ವರ್ಗ, ಅರ್ಜಿ ಸಲ್ಲಿಸುವವರೆಗೋ ತೀರ್ಪು ಬರುವವರೆಗೋ, ಹೆಚ್ಚುವರಿ ದಾಖಲೆ ಕೇಳಿದರೆ ಉತ್ತರಿಸುವವರು ಯಾರು ಎಂಬುದೆಲ್ಲ ಇರಬೇಕು. ಎರಡು, ರೀಫಂಡ್. ‘ವೀಸಾ ನಿರಾಕರಣೆಯಾದರೆ ಹಣ ವಾಪಸ್’ ಎಂಬ ಸಾಲು ಚೆನ್ನಾಗಿಯೇ ಕಾಣುತ್ತದೆ, ಆದರೆ ಪಿ.ಆರ್. ಪ್ರಕರಣಗಳಲ್ಲಿ ಅದಕ್ಕೆ ಅರ್ಥವೇ ಇಲ್ಲ. ಪೂಲ್‌ನಲ್ಲಿ (ಅರ್ಹರ ಕಾಯುವ ಪಟ್ಟಿ) ಪ್ರೊಫೈಲ್ ಹಾಕಿ, ಅರ್ಜಿ ಸಲ್ಲಿಸಲು ಆ ದೇಶದ ಆಹ್ವಾನವೇ ಬರದಿದ್ದರೆ ಅರ್ಜಿಯೇ ಇಲ್ಲ, ಅರ್ಜಿಯಿಲ್ಲದೆ ನಿರಾಕರಣೆ ಎಲ್ಲಿಂದ? ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ‘ಇಷ್ಟು ತಿಂಗಳಲ್ಲಿ ಆಹ್ವಾನ ಬರದಿದ್ದರೆ ಇಷ್ಟು ವಾಪಸ್’ ಎಂದು ಬರೆಸಿ. ಮೂರು, ಕಂತು. ಪೂರ್ತಿ ಹಣ ಮೊದಲೇ ಕಟ್ಟಬೇಡಿ. ಸಹಿಯ ದಿನ ಒಂದು ಪಾಲು, ದಾಖಲೆ ಮೌಲ್ಯಮಾಪನ ಬಂದಾಗ ಒಂದು, ಅರ್ಜಿ ಸಲ್ಲಿಸಿದ ರಸೀದಿ ಕೈಗೆ ಬಂದಾಗ ಉಳಿದದ್ದು.

ಸಂಸ್ಥೆಯ ಖಾತೆಗೆ ಮಾತ್ರ ಹಾಕಿ, ಯಾರದೋ ಸ್ವಂತ ಯು.ಪಿ.ಐ. ನಂಬರಿಗೆ ಬೇಡ. ವೀಸಾ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ನೀವೇ ಸರ್ಕಾರಿ ಜಾಲತಾಣದಲ್ಲಿ ಕಟ್ಟಿ. ಸರ್ಕಾರದ ಶುಲ್ಕವನ್ನೂ ತಮ್ಮ ಫೀಸನ್ನೂ ಕಲಸಿ ಒಂದೇ ಮೊತ್ತ ಹೇಳುವ ಕಡೆ ಮಧ್ಯದಲ್ಲಿ ಎಷ್ಟು ಉಳಿಯಿತು ಎಂದು ನಿಮಗೆ ಗೊತ್ತಾಗುವುದೇ ಇಲ್ಲ. ಮೂಲ ಪಾಸ್‌ಪೋರ್ಟ್, ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಬಿಟ್ಟು ಬರಬೇಡಿ. ಪಾಸ್‌ಪೋರ್ಟ್ ಕೊಡುವುದು ವೀಸಾ ಅರ್ಜಿ ಕೇಂದ್ರದಲ್ಲಿ, ಅದೂ ರಸೀದಿ ಪಡೆದು. ಅಂದಹಾಗೆ, ಆ ಕೇಂದ್ರಗಳನ್ನು ನಡೆಸುವ ವಿ.ಎಫ್.ಎಸ್. ದಾಖಲೆ, ಬೆರಳಚ್ಚು ಪಡೆದು ಮುಂದಕ್ಕೆ ಕಳಿಸುತ್ತದೆ, ವೀಸಾ ತೀರ್ಮಾನ ಅದರ ಕೈಯಲ್ಲಿಲ್ಲ. ‘ಒಳಗೆ ನಮ್ಮವರಿದ್ದಾರೆ’ ಎನ್ನುವವರ ಹತ್ತಿರ ನಿಲ್ಲಲೇಬೇಡಿ.

ನಾಲ್ಕನೇ ಹೆಜ್ಜೆ: ಓದಲು ಹೋಗುವ ದಾರಿ

ಕನ್ಸಲ್ಟೆಂಟ್ ಹೇಳುವ ಮೊತ್ತವನ್ನು ತಾಳೆ ನೋಡಲು ಕೆಲವು ಅಂಕಿಗಳು ನಿಮ್ಮ ಬಳಿ ಇರಬೇಕು. ಇವು ಮೇಲಿಂದ ಮೇಲೆ ಬದಲಾಗುತ್ತವೆ, ಅರ್ಜಿಯ ವಾರ ಆಯಾ ಸರ್ಕಾರದ ಪುಟದಲ್ಲಿ ಮತ್ತೆ ನೋಡಿ.

ಕೆನಡಾದಲ್ಲಿ ಒಬ್ಬರೇ ಹೋಗುವವರು ಜೀವನ ವೆಚ್ಚಕ್ಕೆ 22,895 ಕೆನಡಿಯನ್ ಡಾಲರ್ ತೋರಿಸಬೇಕು (2025ರ ಸೆಪ್ಟೆಂಬರ್ 1ರಿಂದ). ಮೊದಲ ವರ್ಷದ ಫೀಸು, ಪ್ರಯಾಣದ ಖರ್ಚು ಇದರ ಮೇಲೆ. ವೇಗದ ದಾರಿಯಾಗಿದ್ದ ಎಸ್.ಡಿ.ಎಸ್. ಯೋಜನೆ 2024ರ ನವೆಂಬರ್ 8ಕ್ಕೆ ನಿಂತುಹೋಯಿತು. ಈಗಲೂ ‘ಎಸ್.ಡಿ.ಎಸ್.ನಲ್ಲಿ ಹಾಕಿಸ್ತೀವಿ’ ಎಂದರೆ ಆ ಕಚೇರಿ ಓದುತ್ತಿರುವುದು ಹಳೆಯ ಪಂಚಾಂಗ. ಇನ್ನೂ ಮುಖ್ಯವಾದದ್ದು ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್. 2024ರ ನವೆಂಬರ್ 1ರ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿ ಕಾಲೇಜು ಡಿಪ್ಲೊಮಾ ಮಾಡುವವರಿಗೆ ನಿಗದಿತ ವಿಷಯಗಳಲ್ಲಿ ಓದಿದ್ದರೆ ಮಾತ್ರ ಅದು ಸಿಗುತ್ತದೆ. ಪದವಿ, ಸ್ನಾತಕೋತ್ತರದವರಿಗೆ ಆ ಷರತ್ತಿಲ್ಲ. ಬಿ.ಇ. ಮುಗಿಸಿದವರಿಗೆ ಎರಡು ವರ್ಷದ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ತೋರಿಸಿದರೆ ಮೊದಲು ಕೇಳಬೇಕಾದ್ದು ‘ಇದಕ್ಕೆ ವರ್ಕ್ ಪರ್ಮಿಟ್ ಉಂಟಾ?’ ಎಂದು, ಉತ್ತರ ಬರವಣಿಗೆಯಲ್ಲಿ.

ಬ್ರಿಟನ್‌ನಲ್ಲಿ 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್, ಗರಿಷ್ಠ ಒಂಬತ್ತು ತಿಂಗಳಿಗೆ. ಇದೂ ಕಟ್ಟದೆ ಉಳಿದ ಫೀಸೂ ಸೇರಿ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಒಂದು ಪೌಂಡ್ ಇಳಿದರೂ ಲೆಕ್ಕ ತಪ್ಪುತ್ತದೆ. ರೂಪಾಯಿ ಬೆಲೆ ಏರಿಳಿಯುವುದರಿಂದ ಸ್ವಲ್ಪ ಹೆಚ್ಚೇ ಇಡಿ. ಖಾತೆ ನಿಮ್ಮದಾಗಿರಬೇಕು, ಇಲ್ಲವೇ ತಂದೆ ತಾಯಿ, ಕಾನೂನುಬದ್ಧ ಪೋಷಕರು, ಸಂಗಾತಿಯದು. ಚಿಕ್ಕಪ್ಪ, ಸೋದರಮಾವನ ಖಾತೆ ನಡೆಯುವುದಿಲ್ಲ. ಸೈಟು, ತೋಟ, ಚಿನ್ನದ ವ್ಯಾಲ್ಯುಯೇಶನ್ ಸರ್ಟಿಫಿಕೇಟೂ ನಡೆಯುವುದಿಲ್ಲ. ಊರಿನ ಜಮೀನಿನ ಮೌಲ್ಯ ಬರೆಸಲು ಸಿ.ಎ. ಹತ್ತಿರ ಓಡಾಡುವ ಮುಂಚೆ ಇದು ಗೊತ್ತಿದ್ದರೆ ಒಂದಿಷ್ಟು ಸಾವಿರ ಉಳಿಯುತ್ತದೆ. ಓದಿನ ನಂತರ ಕೆಲಸ ಹುಡುಕಲು ಎರಡು ವರ್ಷ ಸಿಗುತ್ತಿದ್ದ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ (ಪಿಎಚ್.ಡಿ.ಯವರಿಗೆ ಮೂರು ವರ್ಷವೇ). ಸಾಮಾನ್ಯ ಎಂ.ಎಸ್ಸಿ.ಗೆ ಹೋಗುವವರು ಗಂಡ, ಹೆಂಡತಿಯನ್ನು ಡಿಪೆಂಡೆಂಟ್ ಆಗಿ ಕರೆದೊಯ್ಯುವ ಅವಕಾಶ 2024ರ ಜನವರಿಯಲ್ಲೇ ಮುಗಿದಿದೆ.

ಆಸ್ಟ್ರೇಲಿಯಾದ ಸಬ್‌ಕ್ಲಾಸ್ 500 ಎಂಬ ವಿದ್ಯಾರ್ಥಿ ವೀಸಾದ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್, ನಿರಾಕರಿಸಿದರೆ ವಾಪಸಿಲ್ಲ. ಅನುಮಾನವಿರುವ ಫೈಲನ್ನು ‘ಹಾಕಿ ನೋಡೋಣ’ ಎನ್ನುವುದು ಅಲ್ಲಿ ದುಬಾರಿ ಆಟ.

ಜರ್ಮನಿಗೆ ಮೊದಲು ಎ.ಪಿ.ಎಸ್. ಪ್ರಮಾಣಪತ್ರ (ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ದೃಢಪಡಿಸುವುದು, ಭಾರತೀಯರಿಗೆ 2022ರ ನವೆಂಬರ್‌ನಿಂದ ಕಡ್ಡಾಯ), ಆಮೇಲೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ. ಈ ಹಣ ನಿಮ್ಮದೇ, ತಿಂಗಳಿಗೆ 992 ಯೂರೊದಂತೆ ಅಲ್ಲಿ ಹೋದ ಮೇಲೆ ಕೈಗೆ ಬರುತ್ತದೆ. ಇದನ್ನು ‘ಫೀಸು’ ಎಂದು ಹೇಳಿ ಹೆದರಿಸುವವರಿದ್ದಾರೆ. ಎ.ಪಿ.ಎಸ್. ಅರ್ಜಿ ನೀವೇ ಹಾಕಬಹುದು. ಭಾಷೆಗೆ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಗಯ್ಟೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಇದೆ.

ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾಗೆ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ, 185 ಡಾಲರ್ ವೀಸಾ ಶುಲ್ಕ, ನಂತರ ಸಂದರ್ಶನ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಅದರೊಂದಿಗೆ ವೀಸಾ ಸೇವೆ ಶುರುವಾಗಲಿಲ್ಲ. ಚೆನ್ನೈ, ಹೈದರಾಬಾದ್ ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಓದಿನ ನಂತರ 12 ತಿಂಗಳ ಒ.ಪಿ.ಟಿ. (ಅಲ್ಲೇ ಕೆಲಸ ಮಾಡುವ ಅನುಮತಿ), ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು.

ದುಡ್ಡಿನ ಮಾತು ಬಂದಾಗ ಇನ್ನೊಂದು: ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ‘ಪ್ರಬುದ್ಧ’ ವಿದೇಶ ವ್ಯಾಸಂಗ ಯೋಜನೆ ಇದೆ. ಏಜೆಂಟರು ಸಾಲದ ಮಾತಾಡುತ್ತಾರೆಯೇ ಹೊರತು ಇದನ್ನು ಹೇಳುವುದು ಅಪರೂಪ.

ಐದನೇ ಹೆಜ್ಜೆ: ಕೆಲಸದ ವೀಸಾ

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಕೆಲವು ವೀಸಾಗೆ ಮಾಲೀಕರು ಮೊದಲು, ಕೆಲವಕ್ಕೆ ಅರ್ಹತೆ ಮೊದಲು.

ಮಾಲೀಕರಿಲ್ಲದೆ ಹುಟ್ಟುವುದೇ ಇಲ್ಲದ ವೀಸಾಗಳು: ಅಮೆರಿಕದ ಎಚ್-1ಬಿ, ಬ್ರಿಟನ್‌ನ ಸ್ಕಿಲ್ಡ್ ವರ್ಕರ್, ಕೆನಡಾದ ಎಲ್.ಎಂ.ಐ.ಎ. (ವಿದೇಶಿ ಕೆಲಸಗಾರರನ್ನು ಕರೆಸಲು ಮಾಲೀಕರು ಪಡೆಯುವ ಸರ್ಕಾರಿ ಒಪ್ಪಿಗೆ) ಆಧಾರಿತ ವರ್ಕ್ ಪರ್ಮಿಟ್. ಎಚ್-1ಬಿ ಅರ್ಜಿ ಹಾಕುವುದು ಕಂಪನಿ, ನೀವಲ್ಲ. ವರ್ಷಕ್ಕೆ 85,000ದ ಮಿತಿ. 2025ರ ಸೆಪ್ಟೆಂಬರ್‌ನ ಘೋಷಣೆ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಹೇರಿತು. ಹೀಗಿರುವಾಗ ಅದನ್ನು ಕೌಂಟರಿನಲ್ಲಿ ಮಾರುವವರ ಮಾತನ್ನು ಹೇಗೆ ನಂಬುವುದು? ಬ್ರಿಟನ್‌ನಲ್ಲಿ 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್, ಇಲ್ಲವೇ ಆ ಹುದ್ದೆಯ ದರ, ಯಾವುದು ಹೆಚ್ಚೋ ಅದು. ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಕರೆಸುವ ದಾರಿಯೂ ಅದೇ ದಿನ ಮುಚ್ಚಿತು. ಆದರೂ ‘ಕೇರ್ ವೀಸಾ, ಸಿ.ಒ.ಎಸ್. (ಮಾಲೀಕರ ಸ್ಪಾನ್ಸರ್ ಪತ್ರ) ರೆಡಿ ಇದೆ’ ಎಂಬ ವಾಟ್ಸಾಪ್ ಫಾರ್ವರ್ಡ್ ಬಂದರೆ ಅದು ಬಲೆ. ಸ್ಪಾನ್ಸರ್ ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ಪ್ರಕಟಿಸುತ್ತದೆ, ಹೆಸರು ಅದರಲ್ಲಿದೆಯೇ ನೋಡಿ. ಕೆನಡಾದ ಎಲ್.ಎಂ.ಐ.ಎ.ಗೆ ಮಾಲೀಕರು ಕಟ್ಟುವ 1,000 ಡಾಲರ್ ಶುಲ್ಕವನ್ನು ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ. ಅದನ್ನು ಹತ್ತು, ಹದಿನೈದು ಲಕ್ಷಕ್ಕೆ ಮಾರುವವರು ಆ ದೇಶದ ಕಾನೂನನ್ನೇ ಮುರಿಯುತ್ತಿದ್ದಾರೆ.

ಅರ್ಹತೆಯ ಮೇಲೆ ನೀವೇ ಹಾಕಬಹುದಾದವು: ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ, ಆಸ್ಟ್ರೇಲಿಯಾದ 189, 190, 491 ವೀಸಾಗಳು, ಜರ್ಮನಿಯ ಚಾನ್ಸೆನ್‌ಕಾರ್ಟೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕದ ಮೇಲೆ ಪಿ.ಆರ್. ಕೊಡುವ ವ್ಯವಸ್ಥೆಯಲ್ಲಿ, ಪ್ರೊಫೈಲ್ ಹಾಕುವುದು ಉಚಿತ. ಬೇಕಾದ್ದು ಶೈಕ್ಷಣಿಕ ಮೌಲ್ಯಮಾಪನ ಮತ್ತು ಜನರಲ್ ಟ್ರೇನಿಂಗ್ ಐ.ಇ.ಎಲ್.ಟಿ.ಎಸ್. (ಅಕಾಡೆಮಿಕ್ ಬರೆದು ಬಂದು ಮತ್ತೆ ಹಣ ಕಟ್ಟಿದವರು ಎಷ್ಟೋ ಮಂದಿ). ಅಂಕ 1,200ಕ್ಕೆ. ಉದ್ಯೋಗದ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ಕ್ಕೆ ತೆಗೆದುಹಾಕಿದರು, ಆದ್ದರಿಂದ ‘ಆಫರ್ ಕೊಡಿಸಿ ಅಂಕ ಏರಿಸ್ತೀವಿ’ ಎಂಬ ಮಾತಿಗೆ ಈಗ ಬೆಲೆಯಿಲ್ಲ. ಕನ್ಸಲ್ಟೆಂಟ್ ಹತ್ತಿರ ಹೋಗುವ ಮುಂಚೆ ಕೆನಡಾ ಸರ್ಕಾರದ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಅಂಕ ನೋಡಿ, ಇತ್ತೀಚಿನ ಸುತ್ತುಗಳ ಕಟ್-ಆಫ್‌ನೊಂದಿಗೆ ಹೋಲಿಸಿ. ಬಹಳ ದೂರವಿದ್ದರೆ ಯಾವ ಕನ್ಸಲ್ಟೆಂಟೂ ಅದನ್ನು ತುಂಬಲಾರರು.

ಚಾನ್ಸೆನ್‌ಕಾರ್ಟೆ 2024ರ ಜೂನ್ 1ರಿಂದ ಇದೆ. ಅಲ್ಲಿಗೆ ಹೋಗಿ ಒಂದು ವರ್ಷದೊಳಗೆ ಕೆಲಸ ಹುಡುಕುವ ಪರವಾನಗಿ, ಕೆಲಸದ ವೀಸಾ ಅಲ್ಲ. ಪದವಿಗೆ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಇಲ್ಲದವರಿಗೆ ಆರು ಅಂಕ ಬೇಕು. ಹುಡುಕುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಇದನ್ನು ‘ಜರ್ಮನಿ ವರ್ಕ್ ಪರ್ಮಿಟ್ ಗ್ಯಾರಂಟಿ’ ಎಂದು ಮಾರುವ ಕಡೆ ಎದ್ದು ಬನ್ನಿ.

ಗಲ್ಫ್ ಕಡೆ ಹೊರಟವರಿಗೆ: ಎಸ್.ಎಸ್.ಎಲ್.ಸಿ. ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. (ವಲಸೆ ತಪಾಸಣೆ ಬೇಕು ಎಂಬ ಗುರುತಿನದು) ಆಗಿರುತ್ತದೆ. ಅಂಥವರು ಕೆಲಸಕ್ಕೆಂದು 18 ದೇಶಗಳಿಗೆ ಹೋಗಲು ವಲಸೆ ಅನುಮತಿ ಬೇಕು, ಜೊತೆಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆ. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡ್ತೀವಿ’ ಎಂಬ ದಾರಿಯಲ್ಲಿ ಈ ಎರಡೂ ರಕ್ಷಣೆ ತಪ್ಪಿಹೋಗುತ್ತವೆ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಹೋಗಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಕೊಂಡವರೂ ಇಂಥದೇ ಮಾತು ನಂಬಿ ಹೋದವರು.

ಆರನೇ ಹೆಜ್ಜೆ: ಫೈಲು ಕೆಡುವುದು ಎಲ್ಲಿ

ನಮ್ಮ ಕಡೆಯವರಿಗೆ ಮೊದಲ ತೊಡಕು ಇನಿಷಿಯಲ್. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಆರ್.’, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದದ್ದು, ಬ್ಯಾಂಕಿನಲ್ಲಿ ಬರೀ ‘ಮಂಜುನಾಥ್’. ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಬ್ಯಾಂಕಿನಿಂದ ಡ್ರೈವಿಂಗ್ ಲೈಸೆನ್ಸ್‌ವರೆಗೆ ಅದು ಬೆನ್ನು ಬಿಡುವುದಿಲ್ಲ. ಆಫರ್ ಲೆಟರ್ ಬರುವ ಮುಂಚೆಯೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ.

ಎರಡನೆಯದು ಹಣ ‘ತೋರಿಸುವುದು’. ವಾರದ ಮಟ್ಟಿಗೆ ಖಾತೆಗೆ ಲಕ್ಷಗಟ್ಟಲೆ ಹಾಕಿಕೊಡುವ ದಂಧೆಯೇ ಇದೆ. ಅಧಿಕಾರಿ ನೋಡುವುದು ಬಾಕಿ ಮೊತ್ತವನ್ನಷ್ಟೇ ಅಲ್ಲ, ಆ ಹಣ ಎಲ್ಲಿಂದ ಬಂತು ಎಂಬುದನ್ನೂ. ನಿವೇಶನ ಮಾರಿದ ಹಣವಾದರೆ ಕ್ರಯಪತ್ರ, ಸಾಲವಾದರೆ ಮಂಜೂರಾತಿ ಪತ್ರ ಜೊತೆಗಿರಲಿ.

ಮೂರನೆಯದು ಸುಳ್ಳು. ಸುಳ್ಳು ಅನುಭವ ಪತ್ರ, ಮುಚ್ಚಿಟ್ಟ ಹಳೆಯ ನಿರಾಕರಣೆ, ತಿದ್ದಿದ ಬ್ಯಾಂಕ್ ಸ್ಟೇಟ್‌ಮೆಂಟ್. ಸಿಕ್ಕಿಬಿದ್ದರೆ ಕೆನಡಾದಲ್ಲಿ 5 ವರ್ಷ, ಬ್ರಿಟನ್‌ನಲ್ಲಿ 10 ವರ್ಷದವರೆಗೆ, ಆಸ್ಟ್ರೇಲಿಯಾದಲ್ಲಿ 3 ವರ್ಷ ಬಾಗಿಲು ಮುಚ್ಚುತ್ತದೆ. ಅಮೆರಿಕದಲ್ಲಿ ಆಜೀವ. ಈ ದೇಶಗಳು ಮಾಹಿತಿಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ‘ಏಜೆಂಟ್ ಹಾಕಿದ್ದು, ನನಗೆ ಗೊತ್ತಿಲ್ಲ’ ಎಂಬ ಸಮಜಾಯಿಷಿ ಸಾಮಾನ್ಯವಾಗಿ ಉಳಿಸುವುದಿಲ್ಲ. ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರದ ಮೇಲೆ ಕೆನಡಾಕ್ಕೆ ಹೋಗಿದ್ದ ಭಾರತೀಯ ವಿದ್ಯಾರ್ಥಿಗಳ ಪ್ರಕರಣ 2023ರಲ್ಲಿ ದೊಡ್ಡ ಸುದ್ದಿಯಾಯಿತು. ಓದು ಮುಗಿಸಿ ಪಿ.ಆರ್.ಗೆ ಅರ್ಜಿ ಹಾಕಿದಾಗಷ್ಟೇ ಹಲವರಿಗೆ ವಿಷಯ ತಿಳಿದದ್ದು. ಪರಿಹಾರ ಸರಳ: ಆಫರ್ ಬಂದ ದಿನವೇ ಕಾಲೇಜಿನ ಜಾಲತಾಣದಿಂದ ಅಡ್ಮಿಶನ್ ವಿಭಾಗದ ವಿಳಾಸ ತೆಗೆದು ನೀವೇ ಇಮೇಲ್ ಮಾಡಿ ಖಚಿತಪಡಿಸಿಕೊಳ್ಳಿ. ಏಜೆಂಟ್ ಕೊಟ್ಟ ವಿಳಾಸಕ್ಕೆ ಬರೆಯಬೇಡಿ.

ಇದಕ್ಕೆಲ್ಲ ತಳಪಾಯವಾಗಿ ಅರ್ಜಿಯಲ್ಲಿ ನಿಮ್ಮ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರ್ ಇರಲಿ. ಕಚೇರಿಯವರೇ ಜಿಮೇಲ್ ಖಾತೆ ತೆರೆದು ಪಾಸ್‌ವರ್ಡ್ ಇಟ್ಟುಕೊಳ್ಳುವ ಪದ್ಧತಿ ಒಪ್ಪಬೇಡಿ. ನಿರಾಕರಣೆ ಪತ್ರ ಬಂದರೂ ‘ಇನ್ನೂ ಪ್ರೊಸೆಸಿಂಗ್’ ಎಂದು ತಿಂಗಳುಗಟ್ಟಲೆ ಎಳೆಯುವುದು ಹೀಗೆಯೇ. ಖಾಲಿ ಫಾರಂಗೆ ಸಹಿ ಬೇಡ. ಸಲ್ಲಿಸಿದ ಅರ್ಜಿಯ ಪೂರ್ತಿ ಪಿ.ಡಿ.ಎಫ್. ಅದೇ ದಿನ ಪಡೆಯಿರಿ.

ಕೈಕೊಟ್ಟರೆ

ಮೊದಲು ಇಮೇಲ್‌ನಲ್ಲಿ ಬರೆದು ಕೇಳಿ, ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ಸೇವೆಯ ಕೊರತೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು. ನಕಲಿ ಪತ್ರ, ನಕಲಿ ಕೆಲಸವಾದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ಪೊಲೀಸ್ ಠಾಣೆಗೆ ಹೋಗಿ. ಹಣ ಆನ್‌ಲೈನ್‌ನಲ್ಲಿ ಈಗಷ್ಟೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಯುವ ಅವಕಾಶವಿರುತ್ತದೆ. ನೋಂದಣಿಯಿಲ್ಲದ ರಿಕ್ರೂಟಿಂಗ್ ಏಜೆಂಟ್ ಆಗಿದ್ದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ, ಆರ್.ಸಿ.ಐ.ಸಿ. ಹೆಸರಿನಲ್ಲಿ ಮೋಸವಾಗಿದ್ದರೆ ಕೆನಡಾದ ಆ ಕಾಲೇಜಿಗೂ ಬರೆಯಿರಿ. ಎಲ್ಲ ಕಡೆಯೂ ಕೇಳುವುದು ಅವೇ ನಾಲ್ಕು: ಸಹಿಯಾದ ಒಪ್ಪಂದ, ಜಿ.ಎಸ್.ಟಿ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮಾತುಕತೆಯ ಪೂರ್ಣ ಎಕ್ಸ್‌ಪೋರ್ಟ್. ಸ್ಕ್ರೀನ್‌ಶಾಟ್ ನೆಚ್ಚಿಕೊಂಡು ಚಾಟ್ ಅಳಿಸಬೇಡಿ.